ತಲೆ ಆಪರೇಷನ್ ಆದ ಮೇಲೆ: ಟ್ರೈನರ್, ಕೆರೆ ಏರಿ, ಈಜುಕೊಳ, ಬೆಟ್ಟದ ಮೆಟ್ಟಿಲು

ಆಪರೇಷನ್‌ಗೆ ಮುಂಚೆ ನನಗಿದ್ದ ದೊಡ್ಡ ಚಿಂತೆ ಒಂದೇ. 200 ಕಿಲೋಮೀಟರ್ ಬ್ರೆವೆ ಸೈಕಲ್ ಸವಾರಿಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸೋದು ಹೇಗೆ? ಈಗ ಎಲ್ಲಿಗೆ ಹೊರಟರೂ ಮೊದಲು ಕೇಳಿಕೊಳ್ಳುವುದು ಬೇರೆ: ಇಲ್ಲಿ ಬಿದ್ದರೆ ಏನಾಗುತ್ತೆ?

ನನಗಿದ್ದದ್ದು ಮೆನಿಂಜಿಯೋಮ, ಅಂದರೆ ಮಿದುಳಿನ ಹೊದಿಕೆಯಲ್ಲಿ ಹುಟ್ಟುವ ಗೆಡ್ಡೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ, ನನ್ನದೂ ಅಲ್ಲ. ಅದು ಇದೆ ಅಂತ ಗೊತ್ತಾಗಿದ್ದೇ ಒಂದು ಸಂಜೆ ಊಟದ ಟೇಬಲ್ ಮುಂದೆ ಫಿಟ್ಸ್ ಬಂದು. ಎಡಗಡೆ ಹಣೆಯ ಮೇಲೆ ಬುರುಡೆಯ ಒಂದು ತುಂಡು ತೆಗೆದು, ಗೆಡ್ಡೆ ಬಿಡಿಸಿ, ಅದೇ ತುಂಡನ್ನು ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕಿ ವಾಪಸ್ ಕೂರಿಸಿದರು. ಮೊದಲ ಆರು ವಾರ ನಡಿಗೆ ಮಾತ್ರ. ಭಾರ ಎತ್ತುವಂತಿಲ್ಲ, ಬಗ್ಗುವಂತಿಲ್ಲ, ತಿಣುಕುವಂತೆಯೂ ಇಲ್ಲ. ತಿಣುಕಿದರೆ ತಲೆಯೊಳಗೆ ಒತ್ತಡ ಏರುತ್ತೆ.

ಆಮೇಲೆ ಎರಡು ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ. ಪ್ರತಿ ಹೆಜ್ಜೆಯೂ ನನ್ನ ಡಾಕ್ಟರನ್ನು ಕೇಳಿಯೇ. ಗೆಡ್ಡೆ ಎಲ್ಲಿತ್ತು, ಫಿಟ್ಸ್ ಬಂದಿತ್ತಾ ಇಲ್ವಾ ಅನ್ನುವುದರ ಮೇಲೆ ಲೆಕ್ಕ ಪೂರಾ ಬದಲಾಗುತ್ತೆ. ನೀವೂ ನಿಮ್ಮ ಡಾಕ್ಟರನ್ನು ಕೇಳದೆ ಶೂ ಕಟ್ಟಬೇಡಿ.

ಮೊದಲು ತಂದಿದ್ದು ಟ್ರೈನರ್. ಹಳೇ ಸೈಕಲ್ಲಿನ ಹಿಂದಿನ ಚಕ್ರ ಸಿಕ್ಕಿಸಿ ಇದ್ದಲ್ಲೇ ತುಳಿಯುವ ಸ್ಟ್ಯಾಂಡು. ಸೆಕೆಂಡ್ ಹ್ಯಾಂಡ್, ಒಂಬತ್ತು ಸಾವಿರ ಕೊಟ್ಟೆ. ಬಿದ್ದರೆ ಚಾಪೆ ಮೇಲೆ. ಬಾಗಿಲಿಗೆ ಚಿಲಕ ಹಾಕಬಾರದು ಅನ್ನುವುದು ಹೆಂಡತಿಯ ಷರತ್ತು. ಮೊದಲ ದಿನ ಎಂಟು ನಿಮಿಷ ತುಳಿದೆ. ತೊಡೆ ನಡುಗಿತು. ಮಲಗಿದ್ದಕ್ಕೆ ಸೊರಗಿದೆ ಅಂದುಕೊಂಡಿದ್ದೆ. ಮಿದುಳಿನ ಊತ ಇಳಿಸಲು ಕೊಟ್ಟ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಇದೆಯಲ್ಲ, ಅದು ತೊಡೆ, ಸೊಂಟದ ಸ್ನಾಯುಗಳನ್ನು ಹಿಂಡಿಬಿಡಬಹುದು ಅಂತ ಆಮೇಲೆ ಗೊತ್ತಾಯಿತು. ಇಂಡಿಯನ್ ಟಾಯ್ಲೆಟ್ಟಿನಿಂದ ಏಳಲು ನಲ್ಲಿ ಹಿಡಿಯಬೇಕಿತ್ತು. ಅದು ತಿಳಿದ ಮೇಲೆ ಎಂಟು ನಿಮಿಷಕ್ಕೆ ನಾಚಿಕೆ ಪಡುವುದು ಬಿಟ್ಟೆ.

ಟ್ರೈನರಿನ ತೊಂದರೆ ಸೆಕೆ. ರಸ್ತೆಯಲ್ಲಾದರೆ ಗಾಳಿ ಬೀಸುತ್ತೆ, ಕೋಣೆಯಲ್ಲಿ ಬೆವರು ಸುರಿಯುತ್ತೆ. ಟೇಬಲ್ ಫ್ಯಾನ್ ಎದುರಿಗಿಟ್ಟರೆ ತುಳಿಯಬಹುದು, ಇಲ್ಲದಿದ್ದರೆ ಹದಿನೈದು ನಿಮಿಷಕ್ಕೆ ತಲೆ ಭಾರ. ಅದರ ಗುಂಯ್ ಅನ್ನುವ ಸದ್ದೂ ಆಗ ನನಗೆ ಆಗಿಬರುತ್ತಿರಲಿಲ್ಲ. ಕುಕ್ಕರ್ ಕೂಗಿದರೂ ಬೆಚ್ಚುತ್ತಿದ್ದ ದಿನಗಳವು. ಬೇಜಾರೂ ಜಾಸ್ತಿ. ಆದರೂ ನಾಲ್ಕು ತಿಂಗಳಲ್ಲಿ ನಲವತ್ತು ನಿಮಿಷಕ್ಕೆ ಬಂದೆ. ಬೇರೆ ಯಾವುದೂ ಇಷ್ಟು ಲೆಕ್ಕ ಹಿಡಿದು ಮೇಲೇರಲು ಬಿಡಲಿಲ್ಲ.

ಐದನೇ ತಿಂಗಳಿಗೆ ಕುಕ್ಕರಹಳ್ಳಿ ಕೆರೆ. ನಾನಿರುವುದು ಮೈಸೂರಿನಲ್ಲಿ, ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಆಟೋ ಯಾಕೆ ಅಂದರೆ ಫಿಟ್ಸ್ ಬಂದವನು ಸ್ಕೂಟರ್ ಮುಟ್ಟುವಂತಿರಲಿಲ್ಲ. ಏರಿ ಮೇಲಿನ ದಾರಿ ಮಣ್ಣಿನದು, ಕಾಲಿಗೆ ಮೆತ್ತಗೆ. ನಾಲ್ಕು ನಿಮಿಷ ನಡೆದು ಒಂದು ನಿಮಿಷ ಓಡುವುದು. ಮೊದಮೊದಲು ಒಂದೊಂದು ಹೆಜ್ಜೆಗೂ ತುಂಬಿದ ಕೊಡ ಹೊತ್ತ ಹಾಗಿತ್ತು, ಒಳಗೆ ನೀರು ತುಳುಕುತ್ತಿದೆಯೇನೋ ಅನ್ನುವ ಭ್ರಮೆ. ಸ್ಕ್ರೂ ಸಡಿಲವಾದರೆ? ಡಾಕ್ಟರು ನಕ್ಕರು. "ಅದು ಭದ್ರವಾಗಿದೆ, ನೀವು ಕಲ್ಲು ಎಡವದೆ ಓಡಿ ಸಾಕು" ಅಂದರು. ಹೊಲಿಗೆಯ ಸುತ್ತ ಚರ್ಮ ಇನ್ನೂ ಜೋಮು. ಟೋಪಿ ಇಟ್ಟರೆ ಅರ್ಧ ತಲೆಗೆ ಟೋಪಿ ಇದೆ, ಅರ್ಧ ತಲೆಗೆ ಇಲ್ಲ.

ಟ್ರೈನರಿಗಿಂತ ಕೆರೆ ಮೇಲು ಅಂತ ನಾನು ಹೇಳುವುದು ಹೆಜ್ಜಾರ್ಲೆ ಹಕ್ಕಿಗಳಿಗಾಗಿ ಅಲ್ಲ, ಅವು ಚೆಂದವೇ ಅನ್ನಿ. ಅಲ್ಲಿ ಜನ ಇದ್ದಾರೆ. ದಿನಾ ಬರುವ ರಿಟೈರ್ಡ್ ಮೇಷ್ಟ್ರುಗಳ ಗುಂಪಿಗೆ ವಿಷಯ ಹೇಳಿಟ್ಟಿದ್ದೆ: ಬಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಒಬ್ಬರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಇನ್ನೊಬ್ಬರು, "ಸ್ವಾಮಿ, ನಾನೇ ಬಿದ್ದರೆ?" ಅಂದರು.

ಬೆಳಿಗ್ಗೆ ನಾಲ್ಕಕ್ಕೆ ಏಳುವ ಹಳೇ ಚಟ ಮಾತ್ರ ಬಿಡಬೇಕಾಯಿತು. ನಿದ್ದೆಗೆಟ್ಟರೆ ಫಿಟ್ಸ್ ಮರುಕಳಿಸಬಹುದು, ಮಾತ್ರೆ ತಪ್ಪಿದರೂ ಅಷ್ಟೇ. ಫಿಟ್ಸ್ ತಡೆಯುವ ಲೆವೆಟಿರಾಸಿಟಮ್ ಮಾತ್ರೆ ಬೇರೆ ನಿದ್ದೆ ತರಿಸುತ್ತೆ, ಸಿಟ್ಟನ್ನೂ ತರಿಸುತ್ತೆ. ನಾನು ಸುಮ್ಮಸುಮ್ಮನೆ ಕೂಗಾಡಿದರೆ ಮಗಳು, "ಅಪ್ಪಾ, ಇದು ನೀನಾ, ಮಾತ್ರೆನಾ?" ಅನ್ನುತ್ತಿದ್ದಳು.

ಈ ಆಪರೇಷನ್ ಆದ ಓಟಗಾರರಿಗೆಲ್ಲ ಯಾರಾದರೊಬ್ಬರು ಡಯೇನ್ ವ್ಯಾನ್ ಡೆರೆನ್ ಕಥೆ ಕಳಿಸಿಯೇ ಕಳಿಸುತ್ತಾರೆ. ಫಿಟ್ಸ್ ನಿಲ್ಲಿಸಲು 1997ರಲ್ಲಿ ಮಿದುಳಿನ ಒಂದು ಭಾಗ ತೆಗೆಸಿಕೊಂಡ ಅಮೆರಿಕದ ಓಟಗಾರ್ತಿ. 2009ರಲ್ಲಿ ಕೆನಡಾದ ಯೂಕಾನ್ ಹಿಮದಲ್ಲಿ 430 ಮೈಲಿ ಮುಗಿಸಿದರು. ಎಷ್ಟು ಹೊತ್ತು ಓಡಿದೆ ಅನ್ನುವ ಅಂದಾಜು ಅವರಿಗೆ ಸರಿಯಾಗಿ ಸಿಗುವುದಿಲ್ಲವಂತೆ. ನನ್ನ ಕಥೆ ತಿರುವುಮುರುವು. ಒಂದು ನಿಮಿಷದ ಓಟವನ್ನೂ ಎರಡು ಸಲ ಗಡಿಯಾರ ನೋಡಿ ಮುಗಿಸುತ್ತಿದ್ದೆ.

ಈಜುಕೊಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೀಲಿಗೆ ನೋವಿಲ್ಲ, ಸೆಕೆಯಿಲ್ಲ, ತಲೆಗೆ ಕುಲುಕಾಟವಿಲ್ಲ. ಕಾಗದದ ಮೇಲೆ ನಾಲ್ಕರಲ್ಲೂ ಅದೇ ಮೇಲು. ಆದರೆ ನೀರೊಳಗೆ ಫಿಟ್ಸ್ ಬಂದರೆ ಕೂಗಾಟ ಇರುವುದಿಲ್ಲ, ಪಕ್ಕದಲ್ಲಿದ್ದವರಿಗೂ ಗೊತ್ತಾಗದೇ ಹೋಗಬಹುದು. ಫಿಟ್ಸ್ ಇಲ್ಲದೆ ಒಂದು ವರ್ಷ ದಾಟಿದ ಮೇಲೆಯೇ ಒಪ್ಪಿಗೆ ಸಿಕ್ಕಿತು, ಅದೂ ಈಜು ಬಲ್ಲ ಗೆಳೆಯ ಜೊತೆಗಿದ್ದರೆ ಮಾತ್ರ. ಆರು ಸಲ ಹೋದೆ. ಪ್ರತಿ ಸಲ ಅವನು ಈಜುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದ. ಅವನಿಗೂ ಹಿಂಸೆ, ನನಗೂ ಹಿಂಸೆ. ನಿಲ್ಲಿಸಿದೆ.

ಇನ್ನು ಚಾಮುಂಡಿ ಬೆಟ್ಟ. ಸಾವಿರ ಚಿಲ್ಲರೆ ಮೆಟ್ಟಿಲು. ಸೊರಗಿದ ತೊಡೆಗೆ ಇಷ್ಟು ಬೇಗ ಜೀವ ತುಂಬಿದ್ದು ಇನ್ನೊಂದಿಲ್ಲ. ಹತ್ತುವಾಗ ಓಡುವ ಕುಲುಕಾಟವಿಲ್ಲದೆ ಎದೆಬಡಿತ ಓಟದ ಮಟ್ಟಕ್ಕೆ ಹೋಗುತ್ತೆ. ಸುಸ್ತಾದರೆ ಯಾವ ಮೆಟ್ಟಿಲಾದರೂ ಕುರ್ಚಿಯೇ. ಮೊದಲ ತಿಂಗಳು ನಂದಿಯ ತನಕ ಹೋಗಿ ಸಾಕು ಅಂದುಕೊಳ್ಳುತ್ತಿದ್ದೆ. ಎಡವಟ್ಟು ಇರುವುದು ಇಳಿಯುವಾಗ. ತಲೆ ಬಗ್ಗಿಸಿ ಕೆಳಗೆ ನೋಡುತ್ತಾ ಇಳಿದರೆ ಕಣ್ಣು ಕತ್ತಲೆ ಬಂದ ಹಾಗೆ, ಪಕ್ಕಕ್ಕೆ ವಾಲಿದ ಹಾಗೆ. ಕೆರೆ ಏರಿಯಲ್ಲಿ ಬಿದ್ದರೆ ಮಣ್ಣು, ಇಲ್ಲಿ ಬಿದ್ದರೆ ಕಲ್ಲು, ಅದೂ ಉರುಳಿಕೊಂಡು. ಅದಕ್ಕೆ ಹತ್ತುವುದು ಕಾಲಲ್ಲಿ, ಇಳಿಯುವುದು ಸಿಟಿ ಬಸ್ಸಲ್ಲಿ. ಬೆವರು ನಾರುವ ಬನಿಯನ್ನಲ್ಲಿ ಭಕ್ತರ ನಡುವೆ ಕೂರುವುದಕ್ಕೆ ಮುಜುಗರ. ತಾಯಿ ಕ್ಷಮಿಸುತ್ತಾಳೆ, ಕಂಡಕ್ಟರೇ ಮುಖ ಸಿಂಡರಿಸುವುದು.

ಮತ್ತೆ ಮೊದಲಿಂದ ಶುರು ಮಾಡಬೇಕಾದರೆ ಐದು ತಿಂಗಳು ಟ್ರೈನರ್, ಆಮೇಲೆ ವಾರಕ್ಕೆ ಮೂರು ದಿನ ಕೆರೆ, ಒಂದು ದಿನ ಬೆಟ್ಟ. ಈಜಿನ ದುಡ್ಡು ಉಳಿಸಿ ಇನ್ನೂ ದೊಡ್ಡ ಫ್ಯಾನ್ ತರುತ್ತೇನೆ. ಕಳೆದ ತಿಂಗಳು ಕೆರೆಯ ಎರಡು ಸುತ್ತು ನಿಲ್ಲದೆ ಓಡಿದೆ. ರಸ್ತೆ ಸೈಕಲ್ಲಿಗೆ ಈಗಷ್ಟೇ ಒಪ್ಪಿಗೆ ಸಿಕ್ಕಿದೆ, ಹಗಲು ಹೊತ್ತು, ಜೊತೆಗೊಬ್ಬರು ಇದ್ದರೆ ಮಾತ್ರ. ಬ್ರೆವೆ ಬಗ್ಗೆ ಡಾಕ್ಟರನ್ನು ಇನ್ನೂ ಕೇಳಿಲ್ಲ. ಟ್ರೈನರ್ ಮಾರೋಣ ಅಂತ ಫೋಟೋ ತೆಗೆದಿಟ್ಟಿದ್ದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಕೆರೆ ಏರಿಯೆಲ್ಲ ಕೆಸರು. ಟ್ರೈನರನ್ನು ಮತ್ತೆ ಫ್ಯಾನ್ ಎದುರಿಗೆ ಎಳೆದು ಹಾಕಿದ್ದೇನೆ.