ಗಾಜಿನ ಪುಡಿಯಲ್ಲಿ ಚಿತ್ರ: ಬೆರಳು, ಕೋನ್, ಜರಡಿ ಮೂರನ್ನೂ ಹಿಡಿದು ನೋಡಿದ ಮೇಲೆ

ಒಂದೇ ಹಿತ್ತಾಳೆ ತಂಬಿಗೆಯನ್ನು ಎದುರಿಗಿಟ್ಟುಕೊಂಡು ಮೂರು ಸಲ ಬರೆದೆ. ಮೂರಕ್ಕೂ 10 ಸೆಂಟಿಮೀಟರ್ ಚೌಕದ ಕಪ್ಪು ಗಾಜು, ಮೇಲೆ ಬಿಳಿ ಗಾಜಿನ ಪುಡಿ. ಮೊದಲನೆಯದು ಬೆರಳಲ್ಲಿ, ರಂಗೋಲಿ ಹಾಕಿದ ಹಾಗೆ. ಎರಡನೆಯದು ಕೋನ್‌ನಲ್ಲಿ, ಮೆಹಂದಿ ಹಾಕಿದ ಹಾಗೆ. ಮೂರನೆಯದು ಜರಡಿಯಿಂದ ಪುಡಿ ಉದುರಿಸಿ, ಬೇಡದ್ದನ್ನು ಕೆರೆದು ತೆಗೆದು. ಗಾಜಿಗೆ ಗಾಜನ್ನು ಬಿಸಿಯಲ್ಲಿ ಕರಗಿಸಿ ಬೆಸೆಯುವ ಫ್ಯೂಸ್ಡ್ ಗ್ಲಾಸ್ ವರ್ಕ್‌ಶಾಪ್‌ಗೆ ಸೇರಬೇಕು ಅಂತಿರುವ ಇಬ್ಬರು ಗೆಳತಿಯರು ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದರು. ಸುಮ್ನೆ ಬಾಯಲ್ಲಿ ಹೇಳುವ ಬದಲು ಮಾಡಿಯೇ ನೋಡೋಣ ಅನ್ನಿಸಿತು.

ಗಾಜಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಹಾಳೆ 3 ಮಿಲಿಮೀಟರ್ ದಪ್ಪ ಇರುತ್ತದೆ. ಎರಡು ಹಾಳೆ ಜೋಡಿಸಿ ಮೊದಲೇ ಒಂದು ಮಾಡಿಕೊಂಡಿದ್ದೆ, ಯಾಕೆಂದರೆ ಪೂರ್ತಿ ಕರಗಿದ ಗಾಜು ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಬಂದು ಕೂರಲು ನೋಡುತ್ತದೆ, ಅದಕ್ಕಿಂತ ತೆಳ್ಳಗಿದ್ದರೆ ಅಂಚು ಒಳಕ್ಕೆ ಎಳೆದುಕೊಳ್ಳುತ್ತದೆ. ಪುಡಿಯ ಕಣ 0.2 ಮಿಲಿಮೀಟರ್‌ಗಿಂತ ಸಣ್ಣದು, ಮುಟ್ಟಿದರೆ ಮೈದಾ ಹಿಟ್ಟಿನ ಹಾಗೆ. ಅದರ ಮೇಲಿನ ಅಳತೆಗೆ ಫೈನ್ ಅನ್ನುತ್ತಾರೆ, ಅದು ಸಣ್ಣ ರವೆ ತರ. ಮೂರೂ ಬಿಲ್ಲೆಗಳನ್ನು ಒಂದೇ ಕಿಲ್ನ್‌ನಲ್ಲಿ (ಗಾಜು ಸುಡುವ ಕುಲುಮೆ) ಒಂದೇ ಸಲ ಇಟ್ಟು 760 ಡಿಗ್ರಿಗೆ ಸುಟ್ಟೆವು.

ನಿಜ ಹೇಳಬೇಕೆಂದರೆ ಬೆರಳೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಹತ್ತು ವರ್ಷದವಳಿದ್ದಾಗಿನಿಂದ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದ ಕೈ ಇದು. ಆದರೆ ಗಾಂಧಿ ಬಜಾರ್‌ನಲ್ಲಿ ಸಿಗುವ ರಂಗೋಲಿ ಪುಡಿ ತರಿತರಿ, ಹೆಬ್ಬೆರಳು ತೋರುಬೆರಳಿನ ನಡುವೆ ತಾನಾಗಿ ಜಾರುತ್ತದೆ. ಗಾಜಿನ ಪುಡಿ ಜಾರುವುದಿಲ್ಲ, ಅಂಟುತ್ತದೆ. ತೆಳು ಗ್ಲೌಸ್ ಬೇರೆ ಹಾಕಿಕೊಳ್ಳಬೇಕು, ಸಣ್ಣ ಚೂರು ಚುಚ್ಚಬಾರದಲ್ಲ. ಎಳೆ ಒಂದು ಕಡೆ ಉಂಡೆಯಾಗಿ ಬಿತ್ತು, ಇನ್ನೊಂದು ಕಡೆ ಬೀಳಲೇ ಇಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅಮ್ಮ, "ಪುಡಿ ಬಿಡಬೇಕು ಕಣೇ, ನೀನು ಹಿಂಡ್ತಾ ಇದೀಯ" ಅಂದರು. ಅಮ್ಮ ಹೇಳಿದ್ದು ಸರಿ. ಆಮೇಲೆ ಅರ್ಧ ಪುಡಿ ಅರ್ಧ ಫೈನ್ ಬೆರೆಸಿದೆ, ಆಗ ಎಳೆ ಬಂತು. ಸುಟ್ಟ ಮೇಲೆ ಫೈನ್ ಕಣಗಳು ಕರಗಿ ಪುಟ್ಟ ಮಣಿಗಳಾಗಿ ನಿಂತವು, ಎಳೆ ಬಿಳಿ ಚುಕ್ಕಿಗಳ ಸಾಲಾಯಿತು. ನೋಡಲು ತುಂಬಾ ಚೆನ್ನಾಗಿದೆ. ಮಲ್ಲಿಗೆ ಮಾಲೆ, ನಕ್ಷತ್ರ, ಬಳ್ಳಿ ಇಂಥದ್ದಕ್ಕೆ ನಾನು ಇದನ್ನೇ ಆರಿಸುತ್ತೇನೆ. ಆದರೆ ತಂಬಿಗೆ ತಂಬಿಗೆಯಾಗಲಿಲ್ಲ. ತಂಬಿಗೆಯ ಹೊರಗೆರೆ ಮಾತ್ರ ಆಯಿತು.

ಇನ್ನು ಕೋನ್. ಇಲ್ಲಿ ಪುಡಿಯನ್ನು ಜೆಲ್ ಜೊತೆ ಕಲಸುವುದು. ನಮ್ಮ ಮೇಡಂ ಸಿಎಂಸಿ ಅನ್ನುವ ಅಂಟನ್ನು ನೀರಲ್ಲಿ ನೆನೆಸಿ ಜೆಲ್ ಮಾಡಿಟ್ಟಿರುತ್ತಾರೆ. ಲೋಳೆಸರದ ಜೆಲ್ ಹಾಕುವವರೂ ಇದ್ದಾರೆ. ಹದ ಬಹಳ ಮುಖ್ಯ. ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಕ್ಕುಲಿ ಹಿಟ್ಟಿಗಿಂತ ಸಡಿಲ. ನೀರು ಜಾಸ್ತಿಯಾದರೆ ಗಾಜು ತಳಕ್ಕೆ ಕೂರುತ್ತದೆ, ಕೋನ್ ತುದಿಯಲ್ಲಿ ಕಟ್ಟಿಕೊಳ್ಳುತ್ತದೆ, ಒತ್ತಿದರೆ ಮೊದಲು ಬರೀ ನೀರು, ಆಮೇಲೆ ಧಪ್ಪನೆ ಒಂದು ಮುದ್ದೆ. ಹದ ಸರಿ ಸಿಕ್ಕ ದಿನ ಮಾತ್ರ ಎಳೆ ಎಷ್ಟು ಸಲೀಸಾಗಿ ಬರುತ್ತದೆಂದರೆ ತಂಬಿಗೆಯ ಕಂಠವನ್ನು ಒಂದೇ ಉಸಿರಲ್ಲಿ ಸುತ್ತಿ ಬಂದೆ. ಸುಟ್ಟ ಮೇಲೂ ಗೆರೆ ಸ್ವಲ್ಪ ಉಬ್ಬಿಕೊಂಡೇ ನಿಂತಿದೆ, ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೊತ್ತಾಗುತ್ತದೆ.

ತೊಂದರೆ ಒಣಗಿಸುವುದರಲ್ಲಿದೆ. ತೇವ ಉಳಿದಿದ್ದರೆ ಕಿಲ್ನ್‌ನಲ್ಲಿ ಆವಿಯಾಗಿ ಗೆರೆಯನ್ನು ಒಡೆಯುತ್ತದೆ. ಜುಲೈ ತಿಂಗಳ ಬೆಂಗಳೂರಲ್ಲಿ ಟವೆಲ್ಲೇ ಒಣಗುವುದಿಲ್ಲ, ಇದಕ್ಕೆ ಎರಡು ದಿನ ಹಿಡಿಯಿತು. ದಪ್ಪ ಹಾಕಿದ ಕಡೆ ಕೆರೆ ಬತ್ತಿದಾಗ ಮಣ್ಣು ಬಿರಿಯುತ್ತದಲ್ಲ, ಹಾಗೆ ಬಿರಿಯಿತು. ಆದರೆ ಒಂದು ವಿಷಯದಲ್ಲಿ ಕೋನ್‌ಗೆ ಸಾಟಿಯಿಲ್ಲ. ಮನೆಯಲ್ಲಿ ಬರೆದು ಬಸವನಗುಡಿಯಿಂದ ಇಂದಿರಾನಗರದ ವರ್ಕ್‌ಶಾಪ್‌ಗೆ ಆಟೋದಲ್ಲಿ ಒಯ್ದೆ, ಅಷ್ಟೂ ಹಂಪು ಗುಂಡಿ ದಾಟಿದರೂ ಒಂದು ಗೆರೆ ಅಲುಗಲಿಲ್ಲ.

ಅದೇ ಆಟೋದಲ್ಲಿ ಜರಡಿಯ ಚಿತ್ರವೂ ಇತ್ತು. ಇಳಿದು ಡಬ್ಬಿ ತೆಗೆದಾಗ ತಂಬಿಗೆ ಇರಲಿಲ್ಲ, ಮೂಲೆಯಲ್ಲಿ ಬಿಳಿ ರಾಶಿ ಇತ್ತು. ಮೂರು ಗಂಟೆ ಕೂತು ಮಾಡಿದ್ದು, ತುಂಬಾ ಬೇಜಾರಾಯಿತು. ಅಲ್ಲೇ ಕೂತು ಮತ್ತೆ ಬರೆದೆ. ದೂರದಿಂದ ತೆಳುವಾಗಿ ಹೇರ್ ಸ್ಪ್ರೇ ಹೊಡೆದರೆ ಪುಡಿ ಸ್ವಲ್ಪ ಕೂರುತ್ತದೆ ಅಂತ ಆಮೇಲೆ ಗೊತ್ತಾಯಿತು. ಈಗ ಜರಡಿ ಕೆಲಸವನ್ನು ಕಿಲ್ನ್ ಇರುವ ಜಾಗದಲ್ಲೇ ಮಾಡುತ್ತೇನೆ. ಮೊದಲ ಸಲ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

ಹಾಗಿದ್ದೂ ನಾನು ಮತ್ತೆ ಮತ್ತೆ ಹಿಡಿಯುವುದು ಜರಡಿಯನ್ನೇ. ಟೀ ಸೋಸುವ ಜಾಲರಿಗಿಂತ ಸಣ್ಣ ಕಣ್ಣಿನ ಪುಟ್ಟ ಜರಡಿ. ಒಂದು ಚಮಚ ಪುಡಿ ಹಾಕಿ, ಅಂಚಿಗೆ ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಬೇಕು. ಕಪ್ಪು ಗಾಜಿನ ಮೇಲೆ ಮೊದಲು ಮಂಜು ಬಿದ್ದ ಹಾಗೆ ಕಾಣುತ್ತದೆ, ಆಮೇಲೆ ಬೂದಿ ಬಣ್ಣ, ಆಮೇಲೆ ಹಾಲಿನ ಬಿಳಿ. ನನ್ನ ಕಣ್ಣು ತೆರೆಸಿದ್ದು ಇದೇ. ಇಲ್ಲಿ ಪುಡಿಯ ದಪ್ಪವೇ ಬೆಳಕು. ಒಂದೇ ಬಿಳಿ ಪುಡಿಯಲ್ಲಿ ಹತ್ತು ಬಗೆಯ ಬೂದು ಸಿಗುತ್ತದೆ. ತಂಬಿಗೆಯ ಹೊಟ್ಟೆಯ ಮೇಲೆ ಕಿಟಕಿಯ ಬೆಳಕು ಬಿದ್ದ ಕಡೆ ದಪ್ಪ ಬಿಟ್ಟೆ, ಪಕ್ಕಕ್ಕೆ ಹೋಗುತ್ತಾ ಮೆತ್ತನೆ ಬ್ರಷ್‌ನಿಂದ ಎತ್ತುತ್ತಾ ಹೋದೆ, ಕಂಠದ ಕೆಳಗಿನ ನೆರಳಿಗೆ ರಬ್ಬರ್ ತುದಿಯ ಕಡ್ಡಿಯಿಂದ ಪೂರ್ತಿ ಕೆರೆದೆ. ಗುಂಡಗೆ ಕೂತಿತು ತಂಬಿಗೆ. ಕೈ ಹಾಕಿ ಎತ್ತಬಹುದು ಅನ್ನುವ ಹಾಗೆ.

ಕೆರೆಯುವಾಗ ಒಂದು ಗಮನಿಸಿ. ಕಡ್ಡಿ ಎಳೆದ ಜಾಗದ ಎರಡೂ ಪಕ್ಕದಲ್ಲಿ ಪುಡಿ ಸಣ್ಣ ದಿಬ್ಬವಾಗಿ ನಿಲ್ಲುತ್ತದೆ, ನೇಗಿಲು ಹೋದ ಸಾಲಿನ ಹಾಗೆ. ಸುಡುವ ಮೊದಲು ಅದು ಕಣ್ಣಿಗೆ ಬೀಳುವುದೇ ಇಲ್ಲ. ಸುಟ್ಟ ಮೇಲೆ ಕಪ್ಪು ಗೆರೆಯ ಎರಡೂ ಅಂಚಿಗೆ ಹೊಳೆಯುವ ಬಿಳಿ ಗೆರೆ ಬಂದಿರುತ್ತದೆ. ಬೇಡದಿದ್ದರೆ ಒಣ ಬ್ರಷ್‌ನಿಂದ ದಿಬ್ಬವನ್ನು ಮೊದಲೇ ತೆಗೆಯಬೇಕು. ಬಾಯಿಂದ ಊದಬೇಡಿ. ಎನ್-95 ಮಾಸ್ಕ್ ಇಲ್ಲದೆ ಪುಡಿ ಡಬ್ಬಿ ತೆರೆಯಲೂಬೇಡಿ, ಆ ಧೂಳು ಒಳಗೆ ಹೋಗಬಾರದು. ಫ್ಯಾನ್ ಆಫ್. ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೊರಕೆ ಬೇಡ.

ಜರಡಿಯಲ್ಲಿ ಪುಡಿ ಜಾಸ್ತಿ ಖರ್ಚಾಗುತ್ತದೆ ಅನ್ನುತ್ತಾರೆ. ಒಂದೇ ಬಣ್ಣವಾದರೆ ಅಷ್ಟೇನಿಲ್ಲ, ಕೆಳಗೆ ಪೇಪರ್ ಹಾಸಿ ಬಿದ್ದದ್ದನ್ನು ಮಡಚಿ ಡಬ್ಬಿಗೆ ಸುರಿದುಕೊಳ್ಳಬಹುದು. ಬಣ್ಣ ಬೆರೆತರೆ ಮಾತ್ರ ಹೋಯಿತು. ಬಣ್ಣದ ಮಾತು ಬಂತು ಅಂತ ಹೇಳುತ್ತೇನೆ, ಪಾರದರ್ಶಕ ಪುಡಿಗಳೆಲ್ಲ ಸುಡುವ ಮೊದಲು ಹೆಚ್ಚುಕಡಿಮೆ ಬಿಳಿಯಾಗೇ ಕಾಣುತ್ತವೆ. ಚಿನ್ನ ಬೆರೆಸಿ ಮಾಡುವ ಗುಲಾಬಿಯಂತೂ ಬೆಂಕಿ ಕಂಡ ಮೇಲೇ ಗುಲಾಬಿಯಾಗುವುದು. ಹಾಗಾಗಿ ಮೊದಲ ಒಂದೆರಡು ತಿಂಗಳು ಬರೀ ಕಪ್ಪು ಬಿಳುಪಲ್ಲಿ ಬರೆಯುವುದು ಒಳ್ಳೆಯದು.

ಇದರ ಮಧ್ಯೆ, ಅಂಗಡಿಯಿಂದ ಕಿಟಕಿ ಗಾಜು ತಂದು ಅದರ ಮೇಲೂ ಇದೇ ಪುಡಿ ಹಾಕಿ ನೋಡಿದೆ, ಅಗ್ಗ ಅಂತ. ಮೂರನೇ ದಿನ ಟಿಕ್ ಅಂತ ಸದ್ದು ಮಾಡಿ ಸೀಳಿತು. ನಮ್ಮ ಪುಡಿ ಬುಲ್ಸ್‌ಐ ಕಂಪನಿಯದು, ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಅನ್ನುವ ಲೆಕ್ಕ ಅದರದು 90. ಕಿಟಕಿ ಗಾಜಿನದು ಅದಕ್ಕಿಂತ ಕಡಿಮೆ. ಒಂದು ಜಾಸ್ತಿ ಕುಗ್ಗುತ್ತದೆ, ಇನ್ನೊಂದು ಕಡಿಮೆ ಕುಗ್ಗುತ್ತದೆ, ಆ ಜಗ್ಗಾಟ ಗಾಜಿನೊಳಗೆ ಉಳಿದುಬಿಡುತ್ತದೆ. 96ರ ಗಾಜನ್ನೂ 90ರ ಜೊತೆ ಬೆರೆಸುವ ಹಾಗಿಲ್ಲ. ಹೊಂದುವ ಗಾಜನ್ನೂ ತಣ್ಣಗಾಗಿಸುವಾಗ 482 ಡಿಗ್ರಿಯಲ್ಲಿ ನಿಲ್ಲಿಸಿ, ನಿಧಾನವಾಗಿ ಇಳಿಸಬೇಕು. ಸಂಜೆ ಹಚ್ಚಿದ ಕಿಲ್ನ್‌ನ ಮುಚ್ಚಳವನ್ನು ನಾವು ಮಾರನೇ ದಿನ ಮಧ್ಯಾಹ್ನ ತೆಗೆದೆವು.

ಹಾಗಾಗಿ ಗೆಳತಿಯರಿಗೆ ಬೇರೆ ಬೇರೆ ಉತ್ತರ ಕೊಟ್ಟೆ. ಒಬ್ಬಳು ಅಕ್ಷರ, ಬಳ್ಳಿ, ಹಸೆ ಚಿತ್ತಾರದಂಥ ಗೆರೆ ಕೆಲಸ ಇಷ್ಟಪಡುವವಳು, ಮನೆಯಲ್ಲೇ ಮಾಡಿ ತರುತ್ತೇನೆ ಅನ್ನುವವಳು. ಅವಳಿಗೆ ಕೋನ್. ಇನ್ನೊಬ್ಬಳಿಗೆ ಮುಖಗಳನ್ನು ಬರೆಯುವ ಆಸೆ. ನೀನು ಜರಡಿ ಹಿಡಿ, ಬೇರೆ ಏನೂ ಮುಟ್ಟಬೇಡ ಅಂದೆ. ನನ್ನ ನಾಲ್ಕನೇ ತಂಬಿಗೆ ಈ ಶನಿವಾರ ಕಿಲ್ನ್‌ಗೆ ಹೋಗುತ್ತದೆ. ಹೊಟ್ಟೆ, ಕಂಠ, ನೆರಳು ಎಲ್ಲ ಜರಡಿಯಲ್ಲಿ. ಬಾಯಿಯ ಅಂಚು ಮಾತ್ರ ಕೋನ್‌ನಲ್ಲಿ, ಒಂದೇ ಸುತ್ತು.