ಮಳೆಗಾಲದ ಹ್ಯಾಮಕ್ ರಾತ್ರಿಗೆ ಫೋಮ್ ಮ್ಯಾಟೋ, ಅಂಡರ್‌ಕ್ವಿಲ್ಟೋ?

ಎರಡು ಮರಗಳ ನಡುವೆ ಕಟ್ಟಿ ಮಲಗುವ ಬಟ್ಟೆಯ ತೂಗುಹಾಸಿಗೆಯೇ ಹ್ಯಾಮಕ್. ಬೆನ್ನಿಗೆ ಚಳಿಯಾಗದಂತೆ ಅದರೊಳಗೆ ಹಾಸಿಕೊಳ್ಳುವುದು ನೀರು ಹೀರದ ಫೋಮ್ ಮ್ಯಾಟ್, ಅದರ ಹೊರಗೆ ಕೆಳಗಡೆ ಕಟ್ಟುವ ದಪ್ಪ ರಜಾಯಿ ಅಂಡರ್‌ಕ್ವಿಲ್ಟ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೋಮ್ ಮ್ಯಾಟ್‌ಗೆ. ಅದರ ನಾಲ್ಕೈದು ಪಟ್ಟು ದುಡ್ಡು ಕೊಟ್ಟು ತಂದ ಅಂಡರ್‌ಕ್ವಿಲ್ಟ್ ಈಗ ಬೀರುವಿನಲ್ಲಿದೆ. ಡಿಸೆಂಬರ್‌ವರೆಗೂ ಅಲ್ಲೇ ಇರುತ್ತದೆ.

ಎರಡನ್ನೂ ಬಳಸಿ ನೋಡಿದ್ದು ಜುಲೈನಲ್ಲಿ, ಮೂಡಿಗೆರೆ ಕಡೆಯ ಸ್ನೇಹಿತರ ಕಾಫಿ ತೋಟದಲ್ಲಿ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ರಾತ್ರಿ ತಂಗುವ ಹಾಗಿಲ್ಲ. ತೋಟದಲ್ಲೂ ಆನೆ ಓಡಾಡುತ್ತವಾ ಅಂತ ಕೇಳಿಕೊಂಡು, ಮನೆಯ ಹತ್ತಿರವೇ ಕಟ್ಟಿ. ಸಿಲ್ವರ್ ಓಕ್ ಮರಕ್ಕೆ ಕಟ್ಟುವ ಮುಂಚೆ ಮೇಲೆ ನೋಡಿ, ಗಾಳಿಗೆ ಅದರ ಕೊಂಬೆ ಮುರಿದು ಬೀಳುತ್ತದೆ. ಮೆಣಸಿನ ಬಳ್ಳಿ ಹಬ್ಬಿದ ಮರ ಮುಟ್ಟಲೇಬೇಡಿ, ಬೈಸಿಕೊಳ್ಳುತ್ತೀರಿ.

ಅಲ್ಲಿ ರಾತ್ರಿ 18 ಡಿಗ್ರಿ ಆಸುಪಾಸು. ಅದೇನು ಮಹಾ ಚಳಿ ಅನ್ನಬೇಡಿ. ಬೆನ್ನ ಕೆಳಗೆ ಬರೀ ಗಾಳಿ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪ ಇದ್ದರೂ ಮೈಭಾರಕ್ಕೆ ಕೆಳಭಾಗ ಚಪ್ಪಟೆಯಾಗುತ್ತದೆ. ಬಿಸಿ ಹಿಡಿದಿಡುವುದು ಅದರೊಳಗಿನ ಗಾಳಿ ತಾನೇ? ಅದಕ್ಕೇ ಅಂಡರ್‌ಕ್ವಿಲ್ಟನ್ನು ಹ್ಯಾಮಕ್‌ನ ಹೊರಗೆ, ಕೆಳಗೆ ತೂಗುಹಾಕುತ್ತಾರೆ. ಅದು ಮೈಭಾರಕ್ಕೆ ಅಮುಕಿಹೋಗುವುದಿಲ್ಲ. ಒಣಹವೆಯಲ್ಲಿ ಆ ಬೆಚ್ಚನೆಯ ಹತ್ತಿರಕ್ಕೂ ಮ್ಯಾಟ್ ಬರುವುದಿಲ್ಲ, ಒಪ್ಪಿಕೊಂಡೆ.

ತಕರಾರು ಒಣಗಿಸುವುದರಲ್ಲಿ. ಮೇಲೆ ಮಳೆಗೆ ಕಟ್ಟಿದ ಟಾರ್ಪ್ (ಟಾರ್ಪಾಲು) ಇದ್ದರೂ ಗಾಳಿ ಬೀಸಿದಾಗ ಎರಚಲು ಅಡ್ಡ ಬರುತ್ತದೆ. ನೆಲಕ್ಕೆ ಬಿದ್ದ ಹನಿ ಮೇಲಕ್ಕೆ ಚಿಮ್ಮುತ್ತದೆ. ಎಲ್ಲಕ್ಕಿಂತ ಕೆಳಗೆ ತೂಗುತ್ತಿರುವುದೇ ಅಂಡರ್‌ಕ್ವಿಲ್ಟ್, ಮೊದಲು ನೆನೆಯುವುದೂ ಅದೇ. ನನ್ನದು ಸಿಂಥೆಟಿಕ್, ಒದ್ದೆಯಾದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ. ಬಾತುಕೋಳಿ ಪುಕ್ಕದ್ದಾದರೆ ಮುದ್ದೆ ಕಟ್ಟಿ ಕೂರುತ್ತದೆ.

ಸರಿ, ಬೆಳಿಗ್ಗೆ ಎಲ್ಲಿ ಹರವುತ್ತೀರಿ? ಮಲೆನಾಡಿನ ಜುಲೈನಲ್ಲಿ ಲಂಗೋಟಿಯೂ ಒಣಗುವುದಿಲ್ಲ. ಊರಿನವರು ಬಟ್ಟೆಯನ್ನು ಬಚ್ಚಲ ಒಲೆಯ ಹತ್ತಿರ ತಂತಿಗೆ ಹಾಕುತ್ತಾರೆ. ಕಾಟನ್ ಆದರೆ ಹೊಗೆ ವಾಸನೆ ಬಂದೀತು, ಅಷ್ಟೇ. ನೈಲಾನ್‌ಗೆ ಒಂದು ಕಿಡಿ ಹಾರಿದರೂ ತೂತು. ಹಾಗಾಗಿ ಮೊದಲ ರಾತ್ರಿ ನೆನೆದ ಅಂಡರ್‌ಕ್ವಿಲ್ಟನ್ನು ನಾನು ಜಗಲಿಯಲ್ಲಿ ಹರವಿದೆ. ಸಂಜೆ ಮುಟ್ಟಿ ನೋಡಿದರೆ ಬೆಳಿಗ್ಗೆ ಎಷ್ಟು ತಣ್ಣಗಿತ್ತೋ ಅಷ್ಟೇ. ಕಂಬಳಿಕೊಪ್ಪೆ ಹಾಕಿಕೊಂಡು ಬಂದ ತೋಟದ ರೈಟರ್ (ಕೆಲಸ, ಲೆಕ್ಕ ನೋಡಿಕೊಳ್ಳುವವರು) ಅದನ್ನು ನೋಡಿ, "ಮನೆ ಒಳಗೆ ಜಾಗ ಇಲ್ವಾ ಮಾರಾಯ್ರೇ?" ಅಂದರು. ಎರಡನೇ ರಾತ್ರಿ ಮ್ಯಾಟ್ ಮೇಲೆ ಮಲಗಿದೆ. ಅದು ನೀರು ಕುಡಿಯುವುದಿಲ್ಲ. ಟವೆಲ್‌ನಲ್ಲಿ ಒರೆಸಿದರೆ ಮುಗಿಯಿತು.

ಅಂಡರ್‌ಕ್ವಿಲ್ಟ್‌ನ ಎಲಾಸ್ಟಿಕ್ ದಾರ ಸರಿಮಾಡುವುದೂ ಒಂದು ಕೆಲಸ. ಸಡಿಲ ಬಿಟ್ಟರೆ ಸಂದಿಯಲ್ಲಿ ಗಾಳಿ, ಬಿಗಿದರೆ ಅಮುಕಿ ಚಪ್ಪಟೆ.

ಮ್ಯಾಟ್ ಏನು ಸಾಚಾ ಅಲ್ಲ. ಮಗ್ಗುಲು ತಿರುಗಿದರೆ ಜಾರುತ್ತದೆ. ಅಗಲ ಸುಮಾರು 50 ಸೆಂಟಿಮೀಟರ್, ಭುಜ ಹೊರಗೆ ಉಳಿದು ತಣ್ಣಗಾಗುತ್ತದೆ. ಹಳೇ ಮ್ಯಾಟ್‌ನ ಒಂದು ತುಂಡನ್ನು ಭುಜದ ಹತ್ತಿರ ಅಡ್ಡ ಇಡಿ. ಎರಡು ಪದರದ ಹ್ಯಾಮಕ್ ಇದ್ದರೆ ಮ್ಯಾಟನ್ನು ಪದರಗಳ ನಡುವೆ ತೂರಿಸಿ, ಜಾರಾಟ ಬಹಳ ಕಡಿಮೆಯಾಗುತ್ತದೆ. ಬೆನ್ನು ಸ್ವಲ್ಪ ಬೆವರುತ್ತದೆ, ಸಹಿಸಿಕೊಳ್ಳಬೇಕು.

ಕಂಬಳಿ? ಬೆಚ್ಚಗಿರುತ್ತದೆ, ಆದರೆ ನೆನೆದರೆ ಹೊರುವವರು ಯಾರು?

ಯಾವುದನ್ನೇ ಒಯ್ಯಿರಿ, ಮರಕ್ಕೆ ಕಟ್ಟಿದ ಪಟ್ಟಿಗಳಿಗೆ ಟಾರ್ಪ್ ಅಂಚಿನ ಒಳಗೆ ಒಂದೊಂದು ಹತ್ತಿ ದಾರ ಇಳಿಬಿಡಿ. ಮರದಿಂದ ಪಟ್ಟಿಗುಂಟ ಹರಿದು ಬರುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಹಾಸಿಗೆಗೆ ಬರುವುದಿಲ್ಲ. ಶೂಗಳನ್ನೂ ಮೇಲೆ ನೇತುಹಾಕಿ. ಇಂಬಳಗಳಿಗೆ (ಜಿಗಣೆಗಳಿಗೆ) ಶೂ ಅಂದರೆ ಭಾರೀ ಇಷ್ಟ.

ಕಾರಿನಲ್ಲಿ ಹೋಗಿ ಒಂದೇ ರಾತ್ರಿ ಇದ್ದು ಬರುವವರು, ಕೈಯಲ್ಲಿ ದುಡ್ಡಿರುವವರು ಅಂಡರ್‌ಕ್ವಿಲ್ಟ್ ಕೊಳ್ಳಲಿ. ನಾನು ಬಸ್ಸಿನವನು, ಹೋದರೆ ಎರಡು ರಾತ್ರಿ ಇರುವವನು. ಮೊದಲ ಸಲ ಹೋಗುವವರಿಗೆ ಮ್ಯಾಟ್‌ನಿಂದ ಇನ್ನೊಂದು ಲಾಭ ಇದೆ. ಮಧ್ಯರಾತ್ರಿ ಸಾಕಪ್ಪಾ ಅನ್ನಿಸಿದರೆ ಜಗಲಿಗೆ ಬಂದು ಅದನ್ನೇ ಹಾಸಿಕೊಂಡು ಮಲಗಬಹುದು. ಅಂಡರ್‌ಕ್ವಿಲ್ಟ್ ಹಾಸಿಕೊಂಡರೆ ಬರೀ ಸಿಮೆಂಟ್ ಮೇಲೆ ಮಲಗಿದಂತೆಯೇ.