ಸಾವಿರ ರೂಪಾಯಿಯ ಎನ್‌ಪಿಟಿಇಎಲ್, ಲಕ್ಷಗಳ ಕಾಲೇಜು

ರಾಣೆಬೆನ್ನೂರಿನಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ಮಗಳು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಾಳೆ. ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ಸೀಟು; ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ ನಾಲ್ಕು ಲಕ್ಷ. ಅಷ್ಟು ಕಟ್ಟಿಯೂ ಡೇಟಾಬೇಸ್ ಪಾಠಕ್ಕೆ ಸೆಮಿಸ್ಟರಿನ ನಡುವೆ ಮೇಷ್ಟ್ರು ಬದಲಾದರು, ಹೊಸಬರು ಪಿಪಿಟಿ ಓದಿ ಮುಗಿಸಿದರು. ಹುಡುಗಿ ನಿಜವಾಗಿ ಕಲಿತದ್ದು ಎನ್‌ಪಿಟಿಇಎಲ್‌ನಲ್ಲಿ.

ಐಐಟಿಗಳು, ಐಐಎಸ್‌ಸಿ ಸೇರಿ ಶುರು ಮಾಡಿದ ಆನ್‌ಲೈನ್ ಪಾಠಗಳ ಯೋಜನೆ ಇದು. ವಿಡಿಯೊ, ವಾರವಾರದ ಅಸೈನ್‌ಮೆಂಟ್ ಎಲ್ಲ ಪುಕ್ಕಟೆ. ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಪರೀಕ್ಷೆಗೆ ₹1,000. ಅವಳು ಹಿಡಿದದ್ದು ಖರಗ್‌ಪುರ ಐಐಟಿಯ ಪಾರ್ಥ ಪ್ರತಿಮ್ ದಾಸ್ ಅವರ 8 ವಾರದ ಕೋರ್ಸ್. ಗಣೇಶನ ಹಬ್ಬಕ್ಕೆ ಬಂದಾಗ ಊಟಕ್ಕೆ ಕರೆದರೂ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. “ಪಪ್ಪಾ, ಇವತ್ತು ಬುಧವಾರ, ರಾತ್ರಿ ಹನ್ನೆರಡರೊಳಗ ಅಸೈನ್‌ಮೆಂಟ್ ಕಳಿಸಬೇಕು” ಅಂದಳು. ಕಡುಬು ಆರಿಹೋಯಿತು.

ಅಂಕ ಬಿಟ್ಟಿ ಸಿಗುವುದಿಲ್ಲ. ಅಸೈನ್‌ಮೆಂಟಿಗೆ 25, ಸೆಂಟರಿಗೆ ಹೋಗಿ ಬರೆಯುವ ಪರೀಕ್ಷೆಗೆ 75. ಪಾಸಾಗಲು ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬರಲೇಬೇಕು. ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲೇ, ಕನ್ನಡ ಮಾಧ್ಯಮದ ಮಕ್ಕಳಿಗೆ ಶುರುವಿನಲ್ಲಿ ತ್ರಾಸು. ಎದುರಿಗೆ ನಿಂತು ಬೈಯುವ ಮೇಷ್ಟ್ರಿಲ್ಲ, ಲ್ಯಾಬಿಲ್ಲ. ತಾನಾಗಿ ಕೂತು ಓದದವರಿಗೆ ಇದು ಆಗಿಬರುವುದಿಲ್ಲ.

“ಕಂಪನಿಯವ್ರು ಕೇಳೋದು ಡಿಗ್ರಿ, ನಿನ್ನ ಸಾವಿರ ರೂಪಾಯಿ ಕಾಗದ ಅಲ್ಲ” ಅಂತ ನಮ್ಮ ಭಾವ. ತಪ್ಪೇನಿಲ್ಲ. ಅದಕ್ಕೇ ಊರವರೆಲ್ಲ ಹೊಲ ಅಡ ಇಟ್ಟಾದರೂ ಸೀಟು ಹಿಡಿಯುತ್ತಾರೆ. ಕಟ್ಟುವ ದುಡ್ಡು ಕಲಿಕೆಗೋ ಮೊಹರಿಗೋ ಅಂತ ಯಾರೂ ಕೇಳುವುದಿಲ್ಲ. ನಾನು ಮಾರುವ ಬೀಜದ ಚೀಲದ ಮೇಲೆ ಶೇಕಡಾ ಎಷ್ಟು ಮೊಳಕೆ ಅಂತ ಅಚ್ಚಾಗಿರಲೇಬೇಕು, ಇಲ್ಲದಿದ್ದರೆ ಕೃಷಿ ಇಲಾಖೆಯವರು ಬಿಡುವುದಿಲ್ಲ. ಕಾಲೇಜಿನ ಬ್ರೋಷರಿನಲ್ಲಿ ದೊಡ್ಡದಾಗಿ ಇದ್ದದ್ದು ಅತಿ ಹೆಚ್ಚಿನ ಪ್ಯಾಕೇಜ್ ಒಂದೇ, ಅದೂ ಒಬ್ಬ ಹುಡುಗನದು.

ಡಿಗ್ರಿ ಬಿಟ್ಟು ಇದನ್ನು ಮಾಡಿ ಅಂತ ನಾನು ಹೇಳುವುದಿಲ್ಲ. ಆದರೆ ಸರಿಯಾಗಿ ಪಾಠ ನಡೆಯದ ವಿಷಯಕ್ಕೆ ಟ್ಯೂಷನ್ನಿಗೆ ಹತ್ತಿಪ್ಪತ್ತು ಸಾವಿರ ಸುರಿಯುವ ಮೊದಲು ಇಲ್ಲಿ ಹೆಸರು ಹಚ್ಚಿ. ಒಂದೆರಡು ವಾರ ಪುಕ್ಕಟೆ ನೋಡಿ, ಹಿಡಿಸಿದರೆ ಕೊನೇ ತಾರೀಖಿನೊಳಗೆ ಪರೀಕ್ಷೆಗೆ ಕಟ್ಟಿ. ಎಸ್‌ಸಿ, ಎಸ್‌ಟಿ ಮಕ್ಕಳಿಗೆ, ಅಂಗವಿಕಲರಿಗೆ ಶುಲ್ಕ ಅರ್ಧ. ಅದಕ್ಕೆ ಜಾತಿಯ ಇಲ್ಲವೇ ಅಂಗವೈಕಲ್ಯದ ಪ್ರಮಾಣಪತ್ರ ಮೊದಲೇ ಸ್ಕ್ಯಾನ್ ಮಾಡಿ ಇಟ್ಟುಕೊಂಡಿರಿ.